ಸದ್ಗೃಹಸ್ಥರ ಆಸ್ತಿವ್ಯವಸ್ಥೆ: ಮೃತ್ಯುಪತ್ರ, ಮುಖತ್ಯಾರಪತ್ರ, ವಿಶ್ವಸ್ತನಿಧಿ

(ಶ್ರೀಮಠದ ಮಹೋತ್ಸವದ ಉಪನ್ಯಾಸ)

॥ ಶ್ರೀ ಗುರುಬಸವಲಿಂಗಾಯ ನಮಃ ॥

 

ಗದುಗಿನ ತ್ರಿಕೂಟೇಶ್ವರನ ದರ್ಶನಕ್ಕೆ ಹೋಗುವ ಭಕ್ತರು ಅನೇಕರಿರುವರು. ಆದರೆ ಅಲ್ಲಿಯ ಶಿಲಾಶಾಸನಗಳ ಮುಂದೆ ಒಂದು ಗಳಿಗೆ ನಿಂತು, ಈ ಕಲ್ಲನ್ನು ಇಲ್ಲಿ ಏತಕ್ಕೆ ನಿಲ್ಲಿಸಿದರೆಂದು ವಿಚಾರಿಸುವವರು ವಿರಳ. 1192ನೆಯ ಇಸವಿಯಲ್ಲಿ ಹೊಯ್ಸಳ ವೀರಬಲ್ಲಾಳನು ಹೊಂಬಳಲೆಂಬ ಗ್ರಾಮವನ್ನು, ಎಂದರೆ ಇಂದಿನ ಹೊಂಬಳವನ್ನು, ಆ ದೇವರ ಸೇವೆಗಾಗಿ ಬಿಟ್ಟುಕೊಟ್ಟ ಸಂಗತಿಯು ಕಲ್ಲಿನ ಮೇಲೆ ಕೆತ್ತಲ್ಪಟ್ಟಿರುವದು. ಅದಕ್ಕೂ ಹಿಂದೆ, 1007ರಲ್ಲಿ, ದಾನಚಿಂತಾಮಣಿಯೆಂದು ಹೆಸರಾದ ಅತ್ತಿಮಬ್ಬೆಯ ಕೊಡುಗೆಯು ಲಕ್ಕುಂಡಿಯ ಶಾಸನಕ್ಕೆ ವಿಷಯವಾಯಿತು. ಪುಲಿಗೆರೆಯೆಂಬ ಪ್ರಾಚೀನ ನಾಮದ ಲಕ್ಷ್ಮೇಶ್ವರದಲ್ಲಂತೂ ಇಂತಹ ದಾನಶಾಸನಗಳಿಗೆ ಕೊರತೆಯಿಲ್ಲ. ಇಂತಹ ಶಾಸನಗಳ ರೀತಿಯನ್ನು ನೋಡಿದರೆ, ಕೊಟ್ಟವರು ಯಾರು, ಕೊಟ್ಟದ್ದು ಏನು, ಅದರ ಎಲ್ಲೆ ಯಾವದು, ಯಾರ ಕೈಗೆ ಕೊಟ್ಟರು, ಯಾವ ಕಾರ್ಯಕ್ಕೆ ಕೊಟ್ಟರು ಎಂಬಿಷ್ಟೂ ಸಂಗತಿಗಳು ಅನುಕ್ರಮವಾಗಿ ಬರುವವು; ಕೊನೆಗೆ, ಈ ಧರ್ಮವನ್ನು ಕೆಡಿಸಿದವರಿಗೆ ಶಾಪವೂ ಕಾಯ್ದವರಿಗೆ ಪುಣ್ಯವೂ ಹೇಳಲ್ಪಡುವವು. ತಾವು ಕಣ್ಮರೆಯಾದ ಮೇಲೆ ಕೊಟ್ಟದ್ದು ಕೊಟ್ಟಲ್ಲಿಗೆ ಮುಟ್ಟುವದೋ ಇಲ್ಲವೋ ಎಂಬ ಚಿಂತೆಯು ಅರಸರಿಗೂ ಇದ್ದಿತೆಂಬದಕ್ಕೆ ಆ ಶಾಪವಾಕ್ಯವೇ ಸಾಕ್ಷಿ.

ಅರಸರಿಗೆ ಇದ್ದ ಚಿಂತೆ ಇಂದಿನ ಗೃಹಸ್ಥನಿಗೆ ಇಲ್ಲದಿರುವದೇ ಆಶ್ಚರ್ಯ. ನಾಲ್ಕು ಕೂರಿಗೆ ಹೊಲ, ಊರೊಳಗೆ ಒಂದು ಮನೆ, ಸೊಸೈಟಿಯಲ್ಲಿ ಒಂದಿಷ್ಟು ಠೇವಣಿ, ಹೆಂಡತಿಯ ಮೈಮೇಲೆ ಒಂದಿಷ್ಟು ಬಂಗಾರ, ಇಷ್ಟನ್ನು ಗಳಿಸಲು ಹಗಲಿರುಳು ದುಡಿದ ಪುರುಷನು, ತನ್ನ ತರುವಾಯ ಅದು ಯಾರಿಗೆ, ಹೇಗೆ ಸೇರಬೇಕೆಂಬದನ್ನು ಒಂದು ಹಾಳೆಯ ಮೇಲೆ ಬರೆಯಲು ಹಿಂಜರಿಯುವನು. ಬರೆದರೆ ಆಯುಷ್ಯ ಕಡಿಮೆಯಾಗುವದೆಂಬ ಮೂಢಭಯ ಕೆಲವರಿಗೆ. ಮಕ್ಕಳು ಒಳ್ಳೆಯವರಿರುವರು, ತಾವೇ ಹಂಚಿಕೊಳ್ಳುವರೆಂಬ ನಂಬಿಕೆ ಕೆಲವರಿಗೆ. ಮಕ್ಕಳು ಒಳ್ಳೆಯವರೇ ಇರಬಹುದು. ಆದರೆ ತಂದೆಯ ಮನಸ್ಸಿನಲ್ಲಿ ಏನಿತ್ತೆಂಬದು ಅವರಿಗೆ ತಿಳಿಯದೆ ಹೋದರೆ, ಒಬ್ಬೊಬ್ಬನೂ ತನಗೆ ಅನುಕೂಲವಾದದ್ದೇ ತಂದೆಯ ಇಚ್ಛೆಯೆಂದು ನಂಬುವನು; ಹೀಗೆ ಸುಳ್ಳು ಹೇಳುವವರು ಯಾರೂ ಇಲ್ಲದೆಯೇ ಜಗಳ ಹುಟ್ಟುವದು. ತಾಯಿಯ ದಿವಸಗಳು ಮುಗಿಯುವದರೊಳಗೆ ಅಣ್ಣತಮ್ಮಂದಿರ ನಡುವೆ ಮಾತು ನಿಂತ ಮನೆಗಳು ಪ್ರತಿಯೊಂದು ಊರಲ್ಲಿಯೂ ಉಂಟು. ಆದುದರಿಂದ ಬುದ್ಧಿ ಸ್ವಸ್ಥವಾಗಿರುವಾಗಲೇ, ಕೈಕಾಲು ಗಟ್ಟಿಯಿರುವಾಗಲೇ, ತನ್ನದಾದುದನ್ನು ವ್ಯವಸ್ಥೆಗೊಳಿಸುವದು ಗೃಹಸ್ಥಧರ್ಮದ ಒಂದು ಅಂಗವೆಂಬದೇ ಈ ಉಪನ್ಯಾಸದ ತಾತ್ಪರ್ಯವು.

ಈ ಸೀಮೆಯ ಹಳೆಯ ಕಾಗದಪತ್ರಗಳ ವಿಷಯದಲ್ಲಿ ಒಂದು ಮಾತನ್ನು ಮೊದಲು ನೆನೆಯಬೇಕು. 1948ರ ವರೆಗೆ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಗದಗವೂ ಮುಂಡರಗಿಯೂ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಅಜ್ಜನ ಕಾಲದ ಪತ್ರಗಳಲ್ಲಿ ಮರಾಠಿಯ ಶಬ್ದಗಳು ಹೇರಳವಾಗಿ ಕಾಣುವದು ಇದೇ ಕಾರಣದಿಂದ. ವಾಟಣಿಪತ್ರ, ಬಕ್ಷೀಸಪತ್ರ, ಮೃತ್ಯುಪತ್ರ, ವಟಮುಖತ್ಯಾರಪತ್ರ ಎಂಬ ಹೆಸರುಗಳು ಇಂದಿಗೂ ಇಲ್ಲಿಯ ಜನರ ಬಾಯಲ್ಲಿರುವವು. ಅಂತಹ ಹಳೆಯ ಪತ್ರಗಳು ಮನೆಯಲ್ಲಿದ್ದರೆ ಅವುಗಳನ್ನು ಹಾಳುಮಾಡದೆ ಕಾಯ್ದಿಡತಕ್ಕದ್ದು. ಹೊಲವು ಯಾರಿಂದ ಯಾರಿಗೆ ಹೇಗೆ ಬಂದಿತೆಂಬದನ್ನು ಹೇಳುವವು ಅವೇ. ಇನ್ನೊಂದು ವಿನೋದವುಂಟು. ಕಾಯದೆಯ ಕನ್ನಡದಲ್ಲಿ ಹೊಲಮನೆಗಳಿಗೆ ಸ್ಥಾವರವೆಂದೂ ಒಡವೆ-ವಸ್ತು-ನಗದುಗಳಿಗೆ ಜಂಗಮವೆಂದೂ ಹೆಸರು. ಶರಣರ ಮಾರ್ಗದಲ್ಲಿ ಬೆಳೆದವರಿಗೆ ಈ ಎರಡು ಶಬ್ದಗಳ ಅರ್ಥವೇ ಬೇರೆ. ಕಚೇರಿಯ ಕಾಗದದಲ್ಲಿ ಅವು ಕಂಡಾಗ ತಬ್ಬಿಬ್ಬಾಗದೆ, ಕದಲದ ಆಸ್ತಿ, ಕದಲುವ ಆಸ್ತಿ ಎಂದಿಷ್ಟೇ ತಿಳಿಯತಕ್ಕದ್ದು.

ಕೊಡುವದಕ್ಕೆ ಮುಂಚೆ, ಕೊಡತಕ್ಕ ವಸ್ತುವು ತನ್ನದೇ ಎಂಬದನ್ನು ನಿಶ್ಚಯಿಸಬೇಕು. ಕಾಯಕದಿಂದ ಬಂದದ್ದಷ್ಟೇ ದಾಸೋಹಕ್ಕೆ ಯೋಗ್ಯವೆಂಬ ಶರಣಧರ್ಮವು ಇಲ್ಲಿಯೂ ದಾರಿದೀಪವಾಗಿರುವದು. ತಾನು ದುಡಿದು ಕೊಂಡದ್ದು ಸ್ವಯಾರ್ಜಿತವು; ಅದನ್ನು ಇಚ್ಛೆ ಬಂದವರಿಗೆ ಕೊಡಬಹುದು. ಹಿರಿಯರಿಂದ ಒಟ್ಟುಮನೆತನಕ್ಕೆ ಬಂದದ್ದು ಪಿತ್ರಾರ್ಜಿತವು. ಅದರಲ್ಲಿ ಹುಟ್ಟಿನಿಂದಲೇ ಮಕ್ಕಳಿಗೆ ಹಕ್ಕುಂಟು. ಉತಾರದಲ್ಲಿ ತಂದೆಯ ಹೆಸರೊಂದೇ ಇದ್ದ ಮಾತ್ರಕ್ಕೆ ಅಷ್ಟೂ ಹೊಲವು ಅವನೊಬ್ಬನದಾಗದು. 1956ರ ಹಿಂದೂ ಉತ್ತರಾಧಿಕಾರ ಕಾಯದೆಯು ತನ್ನ ಎರಡನೆಯ ಕಲಮಿನಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರು ಹೇಳಿಯೇ ಒಳಗೊಂಡಿರುವದು. ಅದರ 30ನೆಯ ಕಲಮಿನ ಪ್ರಕಾರ ಒಟ್ಟುಮನೆತನದ ಆಸ್ತಿಯಲ್ಲಿ ತನ್ನ ಪಾಲಿಗೆ ಬರುವಷ್ಟನ್ನು ಮಾತ್ರ ಒಬ್ಬನು ಮೃತ್ಯುಪತ್ರದಿಂದ ಕೊಡಲು ಸಮರ್ಥನು; ಉಳಿದವರ ಪಾಲನ್ನು ಮುಟ್ಟುವ ಅಧಿಕಾರ ಅವನಿಗಿಲ್ಲ.

ಆ ಉಳಿದವರಲ್ಲಿ ಹೆಣ್ಣುಮಕ್ಕಳೂ ಸೇರಿರುವರು. ಈ ಮಾತನ್ನು ಹಿರಿಯರಲ್ಲಿ ಅನೇಕರು ಇನ್ನೂ ಒಪ್ಪಿಕೊಂಡಿಲ್ಲ. ಕರ್ನಾಟಕದಲ್ಲಿ 1994ರಲ್ಲಿಯೇ, ಆಗಿನ್ನೂ ಲಗ್ನವಾಗದಿದ್ದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನ ಪಾಲು ದೊರೆಯಿತು. 2005ರ ಸಪ್ಟಂಬರ 9ರಿಂದ ಇಡೀ ದೇಶದಲ್ಲಿ, ಲಗ್ನವಾದವರು ಆಗದವರೆಂಬ ಭೇದವಿಲ್ಲದೆ, ಮಗಳು ಮಗನಂತೆಯೇ ಪಾಲುದಾರಳಾದಳು. ಆ ದಿನ ತಂದೆ ಬದುಕಿರಲಿಲ್ಲವೆಂಬ ಕಾರಣದಿಂದ ಆಕೆಯ ಪಾಲು ತಪ್ಪದೆಂದು ಸುಪ್ರೀಮ ಕೋರ್ಟು 2020ರ ಆಗಸ್ಟ 11ರಂದು ತೀರ್ಪಿತ್ತಿತು. 2004ರ ಡಿಸೆಂಬರ 20ಕ್ಕೆ ಮುಂಚೆ ಕ್ರಮಬದ್ಧವಾಗಿ ಆಗಿಹೋದ ವಾಟಣಿಗಳಿಗೆ ಮಾತ್ರ ಇದು ಬಾಧಕವಲ್ಲ. ‘ಅಕ್ಕ-ತಂಗಿಯರಿಗೆ ಲಗ್ನಮಾಡಿಕೊಟ್ಟಾಯಿತು, ಅವರದೇನಿದೆ?’ ಎಂದು ಕೇಳಿ ಬಿಟ್ಟುಬರೆದ ಪತ್ರವು ಮುಂದೆ ಕೋರ್ಟಿನ ಮೆಟ್ಟಿಲನ್ನು ತೋರಿಸುವದು. ಪಾಲನ್ನು ಕೊಟ್ಟು ಬರೆಯಬೇಕು. ಬೇಡವೆನ್ನುವ ಮಗಳಿಂದ ಆಕೆಯ ಸ್ವಂತ ಇಚ್ಛೆಯಿಂದ ಹಕ್ಕುಬಿಡುಗಡೆಯ ಪತ್ರವನ್ನು ನೋಂದಣಿ ಮಾಡಿಸಿಕೊಳ್ಳಬೇಕು. ಪಂಚಮಿಗೆ ತವರಿಗೆ ಬಂದವಳ ಮುಂದೆ ಕಾಗದವನ್ನು ಹಿಡಿದು, ಓದಿ ಹೇಳದೆ ಸಹಿ ಮಾಡಿಸಿಕೊಳ್ಳುವದು ಧರ್ಮವೂ ಅಲ್ಲ, ಜಾಣತನವೂ ಅಲ್ಲ.

ಏನನ್ನೂ ಬರೆಯದೆ ತೀರಿಕೊಂಡ ಪುರುಷನ ಸ್ವಂತ ಆಸ್ತಿಯು ಮೊದಲನೆಯದಾಗಿ ಅವನ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಹಾಗೂ ತಾಯಿ ಇವರಿಗೆ ಸಮವಾಗಿ ಸೇರುವದು. ತಾಯಿಗೂ ಒಂದು ಪಾಲುಂಟೆಂಬದನ್ನು ಮರೆಯುವವರೇ ಬಹಳ. ಹೆಂಗಸಿನ ಆಸ್ತಿಯ ಕ್ರಮವೇ ಬೇರೆ, ಮತ್ತು ಅದನ್ನು ತಿಳಿಯದಿರುವದರಿಂದ ಆಗುವ ಅನ್ಯಾಯವು ದೊಡ್ಡದು. ದೃಷ್ಟಾಂತಕ್ಕಾಗಿ ಬೆಟಗೇರಿಯಲ್ಲಿ ಮಗ್ಗದ ಕೆಲಸದಿಂದ ಹೊಟ್ಟೆ ಹೊರೆದು, ಉಳಿಸಿದ ಹಣದಿಂದ ಎರಡು ಅಂಕಣದ ಮನೆಯನ್ನು ಕೊಂಡ ಒಬ್ಬ ಮಕ್ಕಳಿಲ್ಲದ ವಿಧವೆಯನ್ನು ಭಾವಿಸೋಣ. ಮುಪ್ಪಿನಲ್ಲಿ ಆಕೆಯನ್ನು ನೋಡಿಕೊಂಡವಳು ಒಡಹುಟ್ಟಿದ ತಂಗಿ. ಗಂಡನ ಮನೆಯವರು ಮೂವತ್ತು ವರ್ಷ ಅತ್ತ ಹಾಯ್ದು ನೋಡಲಿಲ್ಲ. ಆಕೆಯು ಬರೆಯದೆ ಸತ್ತರೆ, 15ನೆಯ ಕಲಮಿನ ಮೇರೆಗೆ ಆ ಮನೆಯು ಗಂಡನ ವಾರಸುದಾರರಿಗೆ ಹೋಗುವದು. ಅವರಲ್ಲಿ ಯಾರಾದರೂ ಇರುವವರೆಗೆ ಹಡೆದ ತಂದೆತಾಯಿಗಳಿಗೂ ಇಲ್ಲ, ತಂಗಿಗೂ ಇಲ್ಲ. ಆದರೆ ಅದೇ ಕಾಯದೆಯ 14ನೆಯ ಕಲಮು ಆಕೆಯನ್ನು ತನ್ನ ಆಸ್ತಿಗೆ ಪೂರ್ಣ ಒಡತಿಯನ್ನಾಗಿ ಮಾಡಿರುವದು. ತಂಗಿಗೆ ಕೊಡುತ್ತೇನೆಂದು ಒಂದು ಹಾಳೆಯ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿದರೆ, ಆಕೆಯ ಮನಸ್ಸಿನಂತೆ ನಡೆಯುವದು. ಅತ್ತಿಮಬ್ಬೆಯ ನಾಡಿನ ಹೆಣ್ಣುಮಕ್ಕಳಿಗೆ ಈ ವಿಷಯವನ್ನು ತಿಳಿಸುವದು ಪ್ರತಿಯೊಬ್ಬ ಭಕ್ತನ ಕರ್ತವ್ಯವು.

ಇನ್ನು ಮೃತ್ಯುಪತ್ರದ ವಿಧಾನ. ಇದಕ್ಕೆ ಸ್ಟಾಂಪಿನ ಕಾಗದ ಬೇಡ. ಬಿಳಿಯ ಹಾಳೆಯೇ ಸಾಕು. ಪ್ರಾಯಕ್ಕೆ ಬಂದ, ಬುದ್ಧಿ ಸ್ವಸ್ಥವಾಗಿರುವ ಯಾವನೇ ಆಗಲಿ ಯಾವಳೇ ಆಗಲಿ ಬರೆಯಬಹುದು. 1925ರ ಭಾರತೀಯ ಉತ್ತರಾಧಿಕಾರ ಕಾಯದೆಯ 63ನೆಯ ಕಲಮಿನ ಪ್ರಕಾರ ಬರೆದುಕೊಡುವವನ ಸಹಿ ಅಥವಾ ಹೆಬ್ಬೆಟ್ಟು ಬೇಕು. ಅದನ್ನು ಕಣ್ಣಾರೆ ಕಂಡ ಅಥವಾ ‘ಇದು ನನ್ನ ಸಹಿ’ ಎಂದು ಅವನ ಬಾಯಿಂದ ಕೇಳಿದ ಕನಿಷ್ಠ ಇಬ್ಬರು ಸಾಕ್ಷಿಗಳು ಅವನ ಎದುರಿನಲ್ಲಿಯೇ ಸಹಿ ಮಾಡಬೇಕು. ಸಾಕ್ಷಿಗಳಿಗೆ ಒಳಗಿನ ಒಕ್ಕಣೆಯು ತಿಳಿದಿರಲೇಬೇಕೆಂದಿಲ್ಲ. ತನಗಿಂತ ಚಿಕ್ಕ ವಯಸ್ಸಿನವರನ್ನು, ಊರಲ್ಲಿಯೇ ಇರುವವರನ್ನು, ಆಸ್ತಿಯಲ್ಲಿ ಪಾಲು ಪಡೆಯದವರನ್ನು ಸಾಕ್ಷಿ ಮಾಡಿಕೊಳ್ಳುವದು ವಿಹಿತ. ಏಕೆಂದರೆ ವಾದ ಹುಟ್ಟಿದರೆ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬನಾದರೂ ಕೋರ್ಟಿಗೆ ಬಂದು ನುಡಿಯಬೇಕಾಗುವದು.

ಪತ್ರದಲ್ಲಿ ತಾರೀಖು, ಬರೆದುಕೊಡುವವನ ಹೆಸರು, ವಯಸ್ಸು, ಊರು, ಹೊಲವಿದ್ದರೆ ಸರ್ವೇ ನಂಬರು, ಕ್ಷೇತ್ರ, ಚಕ್ಕುಬಂದಿ, ಮನೆಯಿದ್ದರೆ ಅದರ ನಂಬರು, ಠೇವಣಿಗಳಿದ್ದರೆ ಎಲ್ಲಿರುವವೆಂಬದು, ಕೊಡತಕ್ಕ ಸಾಲವಿದ್ದರೆ ಅದೂ ಬರಬೇಕು. ಯಾರಿಗೆ ಯಾವದು ಎಂಬದನ್ನು ಎರಡು ಅರ್ಥಕ್ಕೆ ಎಡೆಯಿಲ್ಲದಂತೆ ಬರೆಯಬೇಕು. ‘ಕೆಳಗಿನ ಹೊಲ ಸಣ್ಣವನಿಗೆ’ ಎಂದರೆ ಇಂದು ಮನೆಯವರಿಗೆ ತಿಳಿಯುವದು. ನಾಳೆ ನ್ಯಾಯಾಧೀಶನಿಗೆ ತಿಳಿಯುವದಿಲ್ಲ. ಪಟ್ಟಿಯಲ್ಲಿ ಹೆಸರಿಸದೆ ಉಳಿದ ಆಸ್ತಿಯೂ ಮುಂದೆ ಗಳಿಸಬಹುದಾದ ಆಸ್ತಿಯೂ ಯಾರಿಗೆಂದು ಕೊನೆಗೆ ಒಂದು ವಾಕ್ಯವಿರಬೇಕು. ಬರೆದದ್ದನ್ನು ನೆರವೇರಿಸಲು ನಂಬಿಗಸ್ತನಾದ ಒಬ್ಬ ಕಾರ್ಯನಿರ್ವಾಹಕನನ್ನು ನೇಮಿಸಬೇಕು. ಹಿಂದೆ ಬರೆದದ್ದಿದ್ದರೆ ಅದು ರದ್ದೆಂದು ಸ್ಪಷ್ಟವಾಗಿ ಹೇಳಬೇಕು. ಜೀವಂತನಿರುವವರೆಗೆ ಎಷ್ಟು ಸಲವಾದರೂ ಬದಲಿಸಲು ಅಧಿಕಾರವುಂಟು. ಕ್ರಮಬದ್ಧವಾದ ಕೊನೆಯ ಪತ್ರವೇ ಪ್ರಮಾಣ. ‘ಒಮ್ಮೆ ಬರೆದುಕೊಟ್ಟರೆ ಕೈ ಕತ್ತರಿಸಿಕೊಂಡಂತೆ’ ಎಂಬ ಭಯವು ಮೃತ್ಯುಪತ್ರಕ್ಕೆ ಸಲ್ಲದು. ಅದು ಜೀವಂತನ ಕೈಯಿಂದ ಏನನ್ನೂ ಕಸಿದುಕೊಳ್ಳುವದಿಲ್ಲ.

ನೋಂದಣಿಯು ಕಡ್ಡಾಯವಲ್ಲ; ಆದರೂ ಮಾಡಿಸುವದು ಲೇಸು. ಗುಟ್ಟಾಗಿರಬೇಕೆನ್ನುವವನು ಲಕೋಟೆಯಲ್ಲಿ ಮುದ್ರೆಯೊತ್ತಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವು ಇಡಲೂ 1908ರ ಕಾಯದೆಯಲ್ಲಿ ಅವಕಾಶವಿರುವದು. ಆದರೆ ನೋಂದಣಿಯ ಮುದ್ರೆ ಬಿದ್ದ ಮಾತ್ರಕ್ಕೆ ಪತ್ರವು ಅಭೇದ್ಯವಾಗದು. ಮೈಸೂರಿನಿಂದ ಸುಪ್ರೀಮ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಇವರ ವ್ಯಾಜ್ಯದಲ್ಲಿ 1958ರಲ್ಲಿ ಹೊರಟ ತೀರ್ಪು ಇಂದಿಗೂ ಈ ವಿಷಯದಲ್ಲಿ ಮಾರ್ಗದರ್ಶಕವು. ಪತ್ರವನ್ನು ಮುಂದೆ ತಂದವನೇ ಅದನ್ನು ಬರೆಯಿಸುವದರಲ್ಲಿ ಮುಂದಾಳಾಗಿ, ಅದರಿಂದ ದೊಡ್ಡ ಲಾಭವನ್ನೂ ಪಡೆದಿದ್ದರೆ ಅದು ಸಂಶಯಕ್ಕೆ ಕಾರಣ; ಆ ಸಂಶಯವನ್ನು ಕಳೆಯುವ ಭಾರವು ಅವನದೇ ಎಂಬದು ಅಲ್ಲಿಯ ಸಿದ್ಧಾಂತ. ಆದುದರಿಂದ ಲಾಭ ಪಡೆಯುವ ಮಗನು ವಕೀಲನನ್ನು ಗೊತ್ತುಮಾಡುವದೂ ತಂದೆಯನ್ನು ಗಾಡಿಯಲ್ಲಿ ಕೂಡಿಸಿಕೊಂಡು ಕಚೇರಿಗೆ ಒಯ್ಯುವದೂ ಸಲ್ಲದು. ವಯಸ್ಸು ಮೀರಿದವರು ಅಂದೇ ವೈದ್ಯರಿಂದ ಬುದ್ಧಿ ಸ್ವಸ್ಥವಾಗಿರುವದೆಂಬ ದಾಖಲೆಯನ್ನು ಪಡೆದಿಡುವದು ಒಳ್ಳೆಯದು. ಒಬ್ಬ ಮಗನಿಗೆ ಕಡಿಮೆ ಕೊಡುವದಿದ್ದರೆ ಅದರ ಕಾರಣವನ್ನೂ, ಅವನ ಮನಸ್ಸು ನೋಯದಂತೆ, ಪತ್ರದಲ್ಲಿಯೇ ಬರೆಯಬೇಕು. ಮೌನವಾಗಿ ಕೈಬಿಟ್ಟದ್ದೇ ಹೆಚ್ಚಾಗಿ ವ್ಯಾಜ್ಯಕ್ಕೆ ಬೀಜವಾಗುವದು.

ಇಲ್ಲಿಯೇ ಎರಡು ತಪ್ಪು ತಿಳುವಳಿಕೆಗಳನ್ನು ನಿವಾರಿಸಬೇಕು. ತಂದೆಯ ತರುವಾಯ ವರ್ದಿ ಕೊಟ್ಟು ಉತಾರದಲ್ಲಿ ತನ್ನ ಹೆಸರನ್ನು ದಾಖಲ ಮಾಡಿಸಿಕೊಂಡವನೇ ಮಾಲಕನೆಂದು ಅನೇಕರು ತಿಳಿದಿರುವರು. ಉತಾರವು ಸರಕಾರವು ಕಂದಾಯಕ್ಕಾಗಿ ಇಟ್ಟ ಲೆಕ್ಕ. ಹಕ್ಕನ್ನು ಹುಟ್ಟಿಸುವದು ಅದಲ್ಲ. ಎರಡನೆಯದು ನಾಮನಿರ್ದೇಶನದ ವಿಷಯ. ಏಶಿಯ ಖಂಡದಲ್ಲಿಯೇ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರಿ ಸಂಘವು 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳ್ತನದಲ್ಲಿ ಹುಟ್ಟಿತು; ಅಂದಿನಿಂದ ಸೊಸೈಟಿಯ ವ್ಯವಹಾರವು ಈ ಸೀಮೆಯ ಜನರಿಗೆ ಹೊಸದಲ್ಲ. ಸೊಸೈಟಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ‘ನಾಮಿನಿ’ ಎಂದು ಒಬ್ಬನ ಹೆಸರನ್ನು ಬರೆದಾಗ, ಹಣವೆಲ್ಲ ಅವನದೇ ಆಯಿತೆಂದು ಜನರು ಭಾವಿಸುವರು. ಹಾಗಲ್ಲ. ನಾಮಿನಿಯು ಹಣವನ್ನು ಕೈಗೆ ತೆಗೆದುಕೊಳ್ಳುವ ಅಧಿಕಾರವುಳ್ಳವನು. ಅದು ನ್ಯಾಯವಾಗಿ ಸೇರತಕ್ಕದ್ದು ಮೃತ್ಯುಪತ್ರವಿದ್ದರೆ ಅದರಂತೆ, ಇಲ್ಲದಿದ್ದರೆ ವಾರಸುದಾರರಿಗೆ. ಬ್ಯಾಂಕಿನ ಠೇವಣಿಯ ಬಗ್ಗೆ ಸುಪ್ರೀಮ ಕೋರ್ಟು 2010ರಲ್ಲಿ ಇದನ್ನೇ ಹೇಳಿತು. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯಿಂದ ಭೇದವುಂಟಾಗಿರುವದು. ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ಇವರನ್ನು ನಾಮಿನಿ ಮಾಡಿದ್ದರೆ ಹಣದ ಫಲವು ಅವರಿಗೇ ಸಲ್ಲತಕ್ಕದ್ದೆಂದು ಆ ತಿದ್ದುಪಡಿಯು ಹೇಳುವದು.

ಮೃತ್ಯುಪತ್ರವು ಕಣ್ಣು ಮುಚ್ಚಿದ ಮೇಲೆ ಜೀವ ತಳೆಯುವದು. ಮುಖತ್ಯಾರಪತ್ರದ ಗತಿ ಇದಕ್ಕೆ ನೇರ ವಿರುದ್ಧ. ಅದು ಬರೆದುಕೊಟ್ಟವನು ಬದುಕಿರುವವರೆಗೆ ಮಾತ್ರ ನಡೆಯುವದು. ಮುಂಡರಗಿಯ ರೈತನೊಬ್ಬನು ಪುಣೆಯಲ್ಲಿರುವ ಮಗನ ಮನೆಯಲ್ಲಿ ಆರು ತಿಂಗಳು ಇರಬೇಕಾಗಿ ಬಂದು, ಹೊಲದ ಲಾವಣಿ, ಬ್ಯಾಂಕಿನ ವ್ಯವಹಾರ, ಕಚೇರಿಯ ಅರ್ಜಿ ಇವುಗಳನ್ನು ನೋಡಿಕೊಳ್ಳಲು ಊರಲ್ಲಿರುವ ತಮ್ಮನಿಗೆ ಅಧಿಕಾರ ಕೊಟ್ಟರೆ ಅದೇ ಮುಖತ್ಯಾರಪತ್ರವು. ಒಂದೇ ಕೆಲಸಕ್ಕೆ ಕೊಟ್ಟದ್ದು ಖಾಸ ಮುಖತ್ಯಾರ. ಎಲ್ಲ ವ್ಯವಹಾರಕ್ಕೆ ಕೊಟ್ಟದ್ದು ಆಮ ಮುಖತ್ಯಾರ ಅಥವಾ ವಟಮುಖತ್ಯಾರ. ಬೇಕಾದಷ್ಟಕ್ಕೇ ಅಧಿಕಾರವನ್ನು ಕೊಡುವದು ವಿವೇಕ. ಮಾರುವ, ಒತ್ತೆಯಿಡುವ ಅಧಿಕಾರವು ಬೇಡದಿದ್ದರೆ, ಬೇಡವೆಂದು ಸ್ಪಷ್ಟವಾಗಿ ಬರೆಯತಕ್ಕದ್ದು. ಮನಸ್ಸು ಬದಲಾದರೆ ಲಿಖಿತವಾಗಿ ರದ್ದುಗೊಳಿಸಿ, ಮುಖತ್ಯಾರನಿಗೂ ಸಂಬಂಧಪಟ್ಟ ಬ್ಯಾಂಕು-ಕಚೇರಿಗಳಿಗೂ ತಿಳಿಸಬೇಕು.

ಈ ಪತ್ರದ ವಿಷಯದಲ್ಲಿ ಮೂರು ಸಂಗತಿಗಳನ್ನು ಮನಸ್ಸಿನಲ್ಲಿಡತಕ್ಕದ್ದು. ಮೊದಲನೆಯದಾಗಿ, ಮರಣದೊಡನೆ ಮುಖತ್ಯಾರನ ಅಧಿಕಾರ ಮುಗಿಯುವದು. ತಂದೆ ತೀರಿದ ಮರುದಿನ ಮುಖತ್ಯಾರಪತ್ರವನ್ನು ತೋರಿಸಿ ಬ್ಯಾಂಕಿನಿಂದ ಹಣ ತೆಗೆಯುವ ಮಗನು ತಿಳಿಯದೆಯೇ ಅಪರಾಧದ ದಾರಿ ಹಿಡಿದಂತೆ. ಎರಡನೆಯದಾಗಿ, 2011ರ ಅಕ್ಟೋಬರದಲ್ಲಿ ಸುಪ್ರೀಮ ಕೋರ್ಟು ಸ್ಪಷ್ಟಪಡಿಸಿದಂತೆ, ಖರೀದಿಪತ್ರವಿಲ್ಲದೆ ಬರಿಯ ಮುಖತ್ಯಾರಪತ್ರದ ಮೇಲೆ ಜಾಗವನ್ನು ಕೊಂಡವನು ಮಾಲಕನಾಗುವದಿಲ್ಲ. ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಬರೆದುಕೊಟ್ಟವನಿಗೆ ಮುಪ್ಪಿನಲ್ಲಿ ಬುದ್ಧಿಯ ಸ್ವಾಸ್ಥ್ಯವು ಕೆಟ್ಟಿತೆಂದರೂ ಈ ದೇಶದ ಕರಾರು ಕಾಯದೆಯ ಪ್ರಕಾರ ಮುಖತ್ಯಾರನ ಅಧಿಕಾರವು ನಿಲ್ಲುವದು. ಮರೆವು ಆವರಿಸಿ ಮಕ್ಕಳ ಗುರುತನ್ನೂ ಕಳೆದುಕೊಂಡ ಹಿರಿಯರ ಮನೆಯಲ್ಲಿ, ಸಹಾಯವು ಅತ್ಯಂತ ಅವಶ್ಯವಾದ ಗಳಿಗೆಯಲ್ಲಿಯೇ ಆ ಕಾಗದವು ಕೆಲಸಕ್ಕೆ ಬಾರದಾಗುವದು. ಆಮೇಲೆ ಪಾಲಕರ ನೇಮಕಕ್ಕಾಗಿ ಕೋರ್ಟಿಗೇ ಹೋಗಬೇಕಾಗುವದು. ‘ಮುಂದೆ ನೋಡಿದರಾಯಿತು’ ಎನ್ನುವವರು ಇದನ್ನು ಆಲೋಚಿಸಬೇಕು.

ಮುಪ್ಪಿನ ಮಾತು ಬಂದಲ್ಲಿ ದಾನಪತ್ರದ ಬಗೆಗೂ ಹೇಳತಕ್ಕದ್ದು. ದಾನಪತ್ರವು ಬರೆದು, ಇಬ್ಬರ ಸಾಕ್ಷಿಯೊಡನೆ ನೋಂದಣಿಯಾಗಿ, ಪಡೆಯುವವನು ಸ್ವೀಕರಿಸಿದೊಡನೆ ಆಸ್ತಿಯು ಕೈಬಿಟ್ಟಂತೆ. ಮನಸ್ಸು ಬಂದಾಗ ಹಿಂದಕ್ಕೆ ತೆಗೆದುಕೊಳ್ಳಲು ಬಾರದು. ಪ್ರೀತಿಯಿಂದ ಎಲ್ಲವನ್ನೂ ಮಗನ ಹೆಸರಿಗೆ ಮಾಡಿಕೊಟ್ಟು, ಆಮೇಲೆ ಪಡಸಾಲೆಯ ಮೂಲೆಯಲ್ಲಿ ಹಾಸಿಗೆ ಹಾಸಿಕೊಂಡ ತಂದೆತಾಯಿಗಳ ಕಥೆಯನ್ನು ಕೇಳದ ಊರಿಲ್ಲ. ಅಂಥವರಿಗಾಗಿ 2007ರಲ್ಲಿ ಹಿರಿಯ ನಾಗರಿಕರ ಪೋಷಣೆಯ ಕಾಯದೆಯು ಬಂದಿರುವದು. ಅನ್ನ-ವಸ್ತ್ರ-ಔಷಧಗಳನ್ನು ನೋಡಿಕೊಳ್ಳಬೇಕೆಂಬ ಕರಾರಿನ ಮೇಲೆ ಕೊಟ್ಟ ಆಸ್ತಿಯನ್ನು, ಕರಾರು ಮುರಿದಾಗ, ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಟ್ಟು ರದ್ದುಪಡಿಸಿಕೊಳ್ಳಲು ಅದರ 23ನೆಯ ಕಲಮಿನಲ್ಲಿ ಮಾರ್ಗವಿದೆ. ಆದರೆ ಆ ಕರಾರು ಪತ್ರದಲ್ಲಿಯೇ ಬರೆಯಲ್ಪಟ್ಟಿರಬೇಕು. ಬರೆಯದ ಕರಾರನ್ನು ಸಿದ್ಧಪಡಿಸುವದು ಕಠಿಣ. ಬದುಕಿರುವಾಗ ಇರಲು ಮನೆ, ಉಣ್ಣಲು ಉತ್ಪನ್ನ ಇವೆರಡನ್ನು ತಮ್ಮ ಕೈಯಲ್ಲಿಟ್ಟುಕೊಂಡು ಉಳಿದದ್ದನ್ನು ಕೊಡುವದೇ ಹಿರಿಯರಿಗೆ ಕ್ಷೇಮ.

ಇನ್ನು ವಿಶ್ವಸ್ತನಿಧಿ, ಎಂದರೆ ಜನರು ಟ್ರಸ್ಟೆಂದು ಕರೆಯುವ ವ್ಯವಸ್ಥೆ. ಇದರ ಅತ್ಯುತ್ತಮ ದೃಷ್ಟಾಂತವು ಈ ಮಣ್ಣಿನದೇ. ಲಕ್ಷ್ಮೇಶ್ವರದ ಸಮೀಪದ ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿದ ಬಾಲಕನೊಬ್ಬನು ಸಿರಸಂಗಿಯ ದೇಸಗತಿಗೆ ದತ್ತಕನಾಗಿ ಹೋದನು. ಅವರೇ ತ್ಯಾಗವೀರರೆಂದು ನಾಡು ಕೊಂಡಾಡುವ ಸಿರಸಂಗಿ ಲಿಂಗರಾಜ ದೇಸಾಯಿಯವರು. ಹಾನಗಲ್ಲ ಕುಮಾರ ಮಹಾಸ್ವಾಮಿಗಳವರ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. 1906ರಲ್ಲಿ ಅವರು ಲಿಂಗೈಕ್ಯರಾದರು. ಆದರೆ ತಮ್ಮ ಸಂಪತ್ತು ಸಮಾಜದ ಮಕ್ಕಳ ವಿದ್ಯೆಗೆ ಸಲ್ಲಬೇಕೆಂದು ಅವರು ಮೃತ್ಯುಪತ್ರವನ್ನು ಬರೆದಿಟ್ಟಿದ್ದರು. ನವಲಗುಂದ-ಸಿರಸಂಗಿ ಟ್ರಸ್ಟಿನ ಮೂಲವು ಆ ಪತ್ರವೇ. ಅದರ ವಿದ್ಯಾರ್ಥಿವೇತನದಿಂದ ಓದಿದವರು ಅನೇಕರು. ಬೆಳಗಾವಿಯಲ್ಲಿ 1933ರಲ್ಲಿ ಹುಟ್ಟಿದ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿರುವದು. ದೇಸಗತಿಗಳು ಎಷ್ಟೋ ಇದ್ದವು, ಎಷ್ಟೋ ಅಳಿದವು. ಲಿಂಗರಾಜರ ಸಂಪತ್ತು ಮಾತ್ರ ಇಂದಿಗೂ ಬಡವರ ಮಕ್ಕಳ ಕೈಯಲ್ಲಿ ಪುಸ್ತಕವಾಗಿರುವದು ಏತರಿಂದ? ಉದಾರ ಮನಸ್ಸಿನೊಡನೆ ಅವರು ಬರವಣಿಗೆಯನ್ನೂ ಕೂಡಿಸಿದ್ದರಿಂದ. ಬರಿಯ ಔದಾರ್ಯವು ಅವರೊಡನೆಯೇ ಹೋಗುತ್ತಿತ್ತು.

ವಿಶ್ವಸ್ತನಿಧಿಯೆಂದರೆ ಒಬ್ಬನ ಆಸ್ತಿಯನ್ನು ಇನ್ನೊಬ್ಬರ ಹಿತಕ್ಕಾಗಿ ಮೂರನೆಯವರ ಕೈಗೆ ಒಪ್ಪಿಸುವದು. ಮೂರನೆಯವರಿಗೆ ವಿಶ್ವಸ್ತರೆಂದು ಹೆಸರು. ಆಸ್ತಿಯು ಅವರ ಹೆಸರಿನಲ್ಲಿದ್ದರೂ ಅದರಿಂದ ಸ್ವಂತ ಲಾಭವನ್ನು ಪಡೆಯಲು ಅವರಿಗೆ ಅಧಿಕಾರವಿಲ್ಲ. ನಿಧಿಯ ಉದ್ದೇಶ, ಫಲ ಪಡೆಯತಕ್ಕವರು, ಒಪ್ಪಿಸಿದ ಆಸ್ತಿ, ವಿಶ್ವಸ್ತರ ಹೆಸರುಗಳು, ಅವರ ತರು­ವಾಯ ಬರತಕ್ಕವರ ನೇಮಕದ ರೀತಿ, ಲೆಕ್ಕಪತ್ರದ ನಿಯಮ, ಇವು ಪತ್ರದಲ್ಲಿ ಸ್ಪಷ್ಟವಾಗಿರಬೇಕು. ಹೊಲ-ಮನೆಗಳನ್ನು ಜೀವಂತನಿರುವಾಗಲೇ ಒಪ್ಪಿಸುವದಾದರೆ ನೋಂದಣಿ ಆಗಲೇಬೇಕು. ಖಾಸಗಿ ನಿಧಿಗಳಿಗೆ 1882ರ ಕಾಯದೆಯು ಅನ್ವಯಿಸುವದು. ಸಾರ್ವಜನಿಕ ಧರ್ಮನಿಧಿಗಳು ಆ ಕಾಯದೆಗೆ ಹೊರತು, ಅವುಗಳಿಗೆ ಬೇರೆ ನಿಯಮಗಳುಂಟು. ವಿಶ್ವಸ್ತರು ದಾರಿ ತಪ್ಪಿದರೆ, ಆ ಧರ್ಮದಲ್ಲಿ ಆಸಕ್ತಿಯುಳ್ಳ ಇಬ್ಬರಾದರೂ ಕೂಡಿ, ದಿವಾಣಿ ಸಂಹಿತೆಯ 92ನೆಯ ಕಲಮಿನ ಕೆಳಗೆ ಕೋರ್ಟಿನ ಅಪ್ಪಣೆ ಪಡೆದು ದಾವೆ ಹೂಡಬಹುದು. ಶಾಸನದ ಶಾಪವಾಕ್ಯವು ಮಾಡುತ್ತಿದ್ದ ಕೆಲಸವನ್ನು ಇಂದು ಈ ಕಲಮು ಮಾಡುತ್ತಿರುವದು.

ಇದು ಶ್ರೀಮಂತರಿಗಷ್ಟೇ ಸಂಬಂಧಿಸಿದ್ದೆಂದು ತಿಳಿಯಬಾರದು. ಶಿರಹಟ್ಟಿಯ ಒಂದು ಸಾಧಾರಣ ಮನೆತನದಲ್ಲಿ ಬುದ್ಧಿ ಬೆಳೆಯದ ಮಗನೊಬ್ಬನಿರುವನೆಂದು ಭಾವಿಸೋಣ. ತಂದೆತಾಯಿಗಳ ಕಣ್ಣು ಮುಚ್ಚಿದ ಮೇಲೆ ಅವನ ಗತಿಯೇನೆಂಬದೇ ಅವರಿಗೆ ಹಗಲಿರುಳಿನ ಚಿಂತೆ. ಅವನ ಹೆಸರಿಗೇ ಹೊಲವನ್ನು ಬರೆದರೆ ಅವನಿಂದ ಕಾಯ್ದುಕೊಳ್ಳಲಾಗದು. ಅಣ್ಣನ ಹೆಸರಿಗೆ ಬರೆದು ಬಾಯಿಮಾತಿನಿಂದ ಒಪ್ಪಿಸಿದರೆ ಅಣ್ಣನ ಮಕ್ಕಳ ಕಾಲಕ್ಕೆ ಆ ಮಾತು ಉಳಿಯದು. ಎರಡೆಕರೆ ಹೊಲದ ಉತ್ಪನ್ನವನ್ನಾದರೂ ಇಬ್ಬರು-ಮೂವರು ವಿಶ್ವಸ್ತರ ಕೈಗೆ ಒಪ್ಪಿಸಿ, ಅದು ಆ ಮಗನ ಅನ್ನ-ಆರೋಗ್ಯಗಳಿಗೇ ಸಲ್ಲಬೇಕೆಂದೂ, ಅವನ ತರುವಾಯ ಇಂಥವರಿಗೆಂದೂ ಬರೆದರೆ ಅವರು ನೆಮ್ಮದಿಯಿಂದ ಇರಬಹುದು. ಇಂತಹ ಮಕ್ಕಳಿಗೆ ಪಾಲಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸದ ಕಾಯದೆಯ ಕೆಳಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಾನಿಕ ಸಮಿತಿಯೂ ಇರುವದು. ಬದುಕಿರುವಾಗಲೇ ನೆಟ್ಟಗೆ ಸ್ಥಾಪಿಸಿದ ನಿಧಿಯು, ಸ್ಥಾಪಿಸಿದವನ ಬುದ್ಧಿ ಮಂದವಾದಾಗಲೂ ಅವನು ತೀರಿದ ಮೇಲೂ ನಿಲ್ಲದೆ ನಡೆಯುವದು. ಮುಖತ್ಯಾರಪತ್ರಕ್ಕೆ ಇಲ್ಲದ ಗುಣ ಇದು.

ಕೊನೆಯದಾಗಿ, ಮಠಕ್ಕೆ ಕೊಡುವ ವಿಷಯ. ಭಕ್ತನು ಮಠಕ್ಕೆ ಹೊಲವನ್ನೋ ಹಣವನ್ನೋ ಬರೆಯುವಾಗ ‘ಬುದ್ಧಿಯವರಿಗೆ’ ಎಂದಿಷ್ಟೇ ಬರೆದರೆ, ಅದು ಪೀಠಕ್ಕೋ ವ್ಯಕ್ತಿಗೋ ಎಂಬ ವಾದಕ್ಕೆ ಎಡೆಯಾಗುವದು. ಸಂಸ್ಥೆಯ ಪೂರ್ಣ ಹೆಸರು, ಸ್ಥಳ, ದಾಸೋಹಕ್ಕೋ ಪಾಠಶಾಲೆಗೋ ವಸತಿನಿಲಯಕ್ಕೋ ಎಂಬ ಉದ್ದೇಶ, ಇವು ಬರಬೇಕು. ಸಾಗುವಳಿಯ ಭೂಮಿಯಾದರೆ ಭೂಸುಧಾರಣೆಯ ಕಾಯದೆಯ ಮಿತಿಗಳನ್ನು ತಿಳಿದವರಲ್ಲಿ ವಿಚಾರಿಸಬೇಕು. ಮಠಾಧಿಪತಿಯ ಸ್ಥಾನವೆಂಥದೆಂಬದನ್ನು ಉಡುಪಿಯ ಶಿರೂರು ಮಠದ ವ್ಯಾಜ್ಯದಲ್ಲಿ ಸುಪ್ರೀಮ ಕೋರ್ಟು 1954ರಲ್ಲಿ ವಿವೇಚಿಸಿತು. ಆ ಪದವಿಯಲ್ಲಿ ಅಧಿಕಾರವೂ ಆಸ್ತಿಯ ಹಕ್ಕೂ, ಕರ್ತವ್ಯವೂ ಸ್ವಂತ ಹಿತವೂ ಒಂದರೊಳಗೊಂದು ಬೆರೆತಿರುವವೆಂಬದು ಅಲ್ಲಿಯ ಅಭಿಪ್ರಾಯ. ಆದಕಾರಣ ಕೊಡುವವನೂ ಪಡೆಯುವ ಸಂಸ್ಥೆಯೂ ಬರವಣಿಗೆಯಲ್ಲಿ ಶುದ್ಧವಾಗಿರುವದು ಇಬ್ಬರಿಗೂ ಶ್ರೇಯಸ್ಕರ.

ಇದಕ್ಕಿಂತಲೂ ಮುಖ್ಯವಾದದ್ದೊಂದುಂಟು. ಹೆಂಡತಿಯ ಜೀವನಕ್ಕೆ ಗತಿಯಿಡದೆ, ಮಗಳ ಪಾಲನ್ನು ಮರೆಮಾಚಿ, ಮುನಿದ ಮಗನ ಮೇಲಿನ ಸಿಟ್ಟಿಗಾಗಿ ಮಠಕ್ಕೆ ಬರೆದುಕೊಟ್ಟ ಆಸ್ತಿಯು ದಾಸೋಹವಾಗಲಾರದು. ಅದು ಸಿಟ್ಟಿಗೆ ತೊಡಿಸಿದ ಕಾವಿಯ ವಸ್ತ್ರವಷ್ಟೇ. ಅಂತಹ ಪತ್ರವನ್ನು ಹಿಡಿದು ವಿಧವೆಯೊಬ್ಬಳ ವಿರುದ್ಧ ಕೋರ್ಟಿನಲ್ಲಿ ನಿಲ್ಲಬೇಕಾಗಿ ಬಂದರೆ, ಮಠವು ಗೆದ್ದರೂ ಸೋತಂತೆಯೇ. ಭಕ್ತನ ಕೈಯಿಂದ ಕಾಣಿಕೆಯನ್ನು ಸ್ವೀಕರಿಸುವ ಮುಂಚೆ ‘ಮನೆಯವರ ವ್ಯವಸ್ಥೆ ಮಾಡಿರುವೆಯಾ?’ ಎಂದು ಕೇಳುವದು ಗುರುಸ್ಥಾನಕ್ಕೆ ಭೂಷಣ. ಇಲ್ಲವೆಂದರೆ, ಅದನ್ನು ಮಾಡಿ ಬಾ ಎಂದು ಕಳುಹುವದು ಇನ್ನೂ ದೊಡ್ಡ ಭೂಷಣ. ಮನೆಯವರ ಪಾಲನ್ನು ಮನೆಯವರಿಗೆ ಬಿಟ್ಟು, ತನ್ನ ಕಾಯಕದಿಂದ ಉಳಿದದ್ದರಲ್ಲಿ ಒಂದು ಸೇರು ಜೋಳವನ್ನು ತಂದಿಟ್ಟವನ ಕಾಣಿಕೆಯೇ ದಾಸೋಹದ ಭಂಡಾರಕ್ಕೆ ಮೊದಲು ಸಲ್ಲತಕ್ಕದ್ದು.

ಇಷ್ಟನ್ನು ಕೇಳಿ ಮನೆಗೆ ಹೋದ ಸದ್ಭಕ್ತರು ಮೊದಲು ಮಾಡತಕ್ಕದ್ದು ಸಣ್ಣ ಕೆಲಸ. ಒಂದು ಹಾಳೆಯ ಮೇಲೆ ತನ್ನ ಹೊಲ, ಮನೆ, ಠೇವಣಿ, ವಿಮೆ, ಒಡವೆ, ಸಾಲಗಳನ್ನು ಬರೆಯಬೇಕು. ಒಂದೊಂದರ ಮುಂದೆ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂದು ಗುರುತು ಹಾಕಬೇಕು. ಕಾಗದಗಳು ಯಾವ ಟ್ರಂಕಿನಲ್ಲಿರುವವೆಂಬದನ್ನು ಹೆಂಡತಿಗೂ ಹಿರಿಯ ಮಕ್ಕಳಿಗೂ ತಿಳಿಸಬೇಕು. ಮನೆಯ ಎಲ್ಲರನ್ನೂ, ಲಗ್ನವಾಗಿ ಹೋದ ಹೆಣ್ಣುಮಕ್ಕಳನ್ನೂ ಕರೆಯಿಸಿ, ಊಟವಾದ ಮೇಲೆ ಜಗಲಿಯ ಮೇಲೆ ಕುಳಿತು ತನ್ನ ಮನಸ್ಸಿನಲ್ಲಿರುವದನ್ನು ಬಾಯಿಬಿಟ್ಟು ಹೇಳಬೇಕು. ಆಮೇಲೆ ತಿಳಿದ ವಕೀಲರೊಬ್ಬರ ಬಳಿಗೆ ಹೋಗಿ, ತನ್ನ ಮನೆತನದ ಸ್ಥಿತಿಗೆ ತಕ್ಕ ಪತ್ರವನ್ನು ಬರೆಯಿಸಬೇಕು. ಅರಸರಿಗೆ ಕಲ್ಲು ಬೇಕಾಯಿತು, ಕೆತ್ತುವ ರೂವಾರಿ ಬೇಕಾದನು. ಇಂದಿನ ಗೃಹಸ್ಥನಿಗೆ ಒಂದು ಹಾಳೆ, ಇಬ್ಬರು ಸಾಕ್ಷಿಗಳು, ಸ್ವಸ್ಥವಾದ ಒಂದು ದಿನ ಇಷ್ಟೇ ಸಾಕು. ಆ ದಿನವು ಕೈಯಲ್ಲಿರುವಾಗಲೇ ಅದನ್ನು ಉಪಯೋಗಿಸಿಕೊಳ್ಳುವ ಸದ್ಬುದ್ಧಿಯನ್ನು ಗುರುಬಸವೇಶನು ಸಕಲ ಸದ್ಭಕ್ತರಿಗೂ ಕರುಣಿಸಲಿ.

॥ ಶುಭಂ ಭವತು ॥